ಗೇಟ್ ಪಾಸ್ ಕೇಳಿದ ಹುಡುಗಿ: ಗಾರ್ಮೆಂಟ್ಸ್ ಅಕ್ಕತಂಗಿಯರಿಗೆ ಒಂದು ಬಹಿರಂಗ ಪತ್ರ

ಪ್ರೀತಿಯ ಅಕ್ಕತಂಗಿಯರೇ,

ನಮಸ್ಕಾರ. ನಾನು ನಿಮ್ಮ ಹಾಗೇ ಒಬ್ಬ ಟೈಲರ್. 2006ರಲ್ಲಿ ಹೆಲ್ಪರ್ ಆಗಿ ಸೇರಿದೆ. ಎರಡು ವರ್ಷ ದಾರ ಕತ್ತರಿಸಿದೆ, ಆಮೇಲೆ ಮಿಷಿನ್ ಮೇಲೆ ಕೂತೆ. ಈಗ ಶರ್ಟಿಗೆ ಕಾಲರ್ ಕೂರಿಸುತ್ತೇನೆ. ಕೆಲಸ ಪೀಣ್ಯದಲ್ಲಿ, ಮನೆ ದಾಸರಹಳ್ಳಿ ಕಡೆಯ ಒಂದು ವಠಾರದಲ್ಲಿ, ಊರು ಕುಣಿಗಲ್ ಪಕ್ಕ. ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆ, ಎಲ್ಲೆಲ್ಲಿ ನಮ್ಮವರು ಬೆಳಗ್ಗೆ ಓಡೋಡಿ ಬಂದು ಕಾರ್ಡ್ ಪಂಚ್ ಮಾಡುತ್ತಾರೋ ಅವರಿಗೆಲ್ಲ ಈ ಪತ್ರ. ಅದರಲ್ಲೂ ಕನ್ನಡ ಮಾತಾಡುವ ಹೆಂಗಸರಿಗೆ ಅಂತಲೇ ಬರೆಯುತ್ತಿದ್ದೇನೆ. ಯಾಕೆ ಅಂತ ಮುಂದೆ ಓದಿದರೆ ಗೊತ್ತಾಗುತ್ತದೆ.

ಹೋದ ಮಳೆಗಾಲದ ಒಂದು ದಿನದ ಮಾತು. ನಮ್ಮ ಲೈನ್‌ನಲ್ಲಿ ನನ್ನ ಹಿಂದಿನ ಮಿಷಿನ್‌ನಲ್ಲಿ ಒಡಿಶಾದ ಹುಡುಗಿ ಕೂರುತ್ತಾಳೆ. ವಯಸ್ಸು ಇಪ್ಪತ್ತು ಇರಬಹುದು. ಕಂಪನಿ ಹಾಸ್ಟೆಲ್‌ನಲ್ಲಿ ಇದ್ದಾಳೆ. ಅವತ್ತು ಬೆಳಗ್ಗೆಯಿಂದ ಅವಳ ಮಿಷಿನ್ ಸದ್ದು ನಿಂತು ನಿಂತು ಬರುತ್ತಿತ್ತು. ನಮಗೆ ಗೊತ್ತಲ್ವಾ, ಪಕ್ಕದವಳ ಮಿಷಿನ್ ಸದ್ದಿನಲ್ಲೇ ಅವಳ ಮೈ ಹೇಗಿದೆ ಅಂತ ತಿಳಿಯುತ್ತದೆ. ತಿರುಗಿ ನೋಡಿದೆ. ಕಣ್ಣು ಕೆಂಪಾಗಿತ್ತು. ಬಟ್ಟೆ ಒತ್ತಿ ಹಿಡಿದ ಕೈ ನಡುಗುತ್ತಿತ್ತು. ಹಣೆ ಮುಟ್ಟಿದರೆ ಕೆಂಡದ ಹಾಗಿತ್ತು. ಹನ್ನೊಂದು ಗಂಟೆ ಹೊತ್ತಿಗೆ ಎದ್ದು ಹೋಗಿ ಸೂಪರ್‌ವೈಸರ್ ಹತ್ತಿರ ಗೇಟ್ ಪಾಸ್ ಕೇಳಿದಳು.

"ನಿಮ್ಮ ಕಡೆಯವರದ್ದು ದಿನಾ ಇದೇ ಗೋಳು. ಟಾರ್ಗೆಟ್ ಮುಗಿಸು, ಆಮೇಲೆ ನೋಡೋಣ" ಅಂದರು ಆತ. ಕನ್ನಡದಲ್ಲಿ ಅಂದರು. ಅವಳಿಗೆ ಅರ್ಥ ಆಗಲಿಲ್ಲ. ತಿರುಗಿ ನನ್ನ ಮುಖ ನೋಡಿದಳು. "ದೀದಿ, ಏನಂದ್ರು?" ಅನ್ನುವ ನೋಟ ಅದು. ನನಗೆ ಅಷ್ಟು ಹಿಂದಿ ಬರುತ್ತದೆ. ಆತನಿಗೆ ಕನ್ನಡದಲ್ಲಿ ನಾಲ್ಕು ಮಾತು ಹೇಳುವ ಬಾಯಿಯೂ ನನಗಿದೆ, ಇದು ನಮ್ಮ ಲೈನ್‌ಗೆಲ್ಲ ಗೊತ್ತು. ಆದರೂ ನಾನು ಏಳಲಿಲ್ಲ. ಬಂಡಲ್ ಎಳೆದುಕೊಂಡು ಮುಂದಿನ ಪೀಸ್ ಹಾಕಿದೆ.

ಆಗ ನನ್ನ ಮನಸ್ಸಿಗೆ ಬಂದಿದ್ದನ್ನು ಮುಚ್ಚಿಡುವುದಿಲ್ಲ. "ಈ ಹಿಂದಿಯವರು ಬಂದ ಮೇಲೇ ಅಲ್ವಾ ನಮ್ಮ ಟಾರ್ಗೆಟ್ ಜಾಸ್ತಿ ಆಗಿದ್ದು, ಈಗ ಅನುಭವಿಸಲಿ" ಅಂತ ಬಂತು. ಅವಳ ಭಾಷೆ ಹಿಂದಿ ಅಲ್ಲ, ಒಡಿಯಾ. ಅದನ್ನೂ ನಾನು ತಿಳಿದುಕೊಂಡಿರಲಿಲ್ಲ. ವರ್ಷದಿಂದ ಬೆನ್ನ ಹಿಂದೆ ಕೂತವಳ ಭಾಷೆ ಯಾವುದು ಅಂತ ನನಗೆ ಗೊತ್ತಿರಲಿಲ್ಲ.

ಮೂರು ದಿನ ಅವಳ ಮಿಷಿನ್ ಖಾಲಿ ಇತ್ತು. ಮನಸ್ಸು ತಡೆಯಲಿಲ್ಲ. ಕೆಲಸ ಬಿಟ್ಟ ಮೇಲೆ ಗಂಜಿ ಮಾಡಿಕೊಂಡು ಡಬ್ಬಿಯಲ್ಲಿ ಹಾಕಿಕೊಂಡು ಹಾಸ್ಟೆಲ್‌ಗೆ ಹೋದೆ. ಗೇಟ್‌ನಲ್ಲಿ ಸೆಕ್ಯೂರಿಟಿಯವರು ಪುಸ್ತಕ ಮುಂದಿಟ್ಟರು. ಹೆಸರು, ಊರು, ಫೋನ್ ನಂಬರ್, ಆಮೇಲೆ ಒಂದು ಕಾಲಂ: ಸಂಬಂಧ. "ಏನಾಗಬೇಕು ನಿಮಗೆ ಅವರು?" ಅಂತ ಕೇಳಿದರು. ಏನು ಬರೆಯಬೇಕು ಅಂತ ಹೊಳೆಯಲಿಲ್ಲ. ಜೊತೆಯಲ್ಲಿ ಕೆಲಸ ಮಾಡುವವರು ಅಂದೆ. ಸಂಬಂಧಿಕರಿಗೆ ಮಾತ್ರ ಅಂದರು. ಡಬ್ಬಿ ಹಿಡಿದುಕೊಂಡು ವಾಪಸ್ ಬಂದೆ.

ಅವತ್ತು ರಾತ್ರಿ ಮಗಳ ಹತ್ತಿರ ಇದನ್ನೆಲ್ಲ ಹೇಳಿಕೊಂಡೆ. ಅವಳು ಬಿ.ಎ. ಓದುತ್ತಾಳೆ, ಇತಿಹಾಸ ಇದೆ. "ಅಮ್ಮ, ಪಾಸ್ ಅನ್ನೋದನ್ನು ಇಟ್ಟುಕೊಂಡೇ ಒಂದು ಸರ್ಕಾರ ನಡೆದಿತ್ತು, ಗೊತ್ತಾ?" ಅಂದಳು. ಸೌತ್ ಆಫ್ರಿಕಾದ ಕಥೆ ಹೇಳಿದಳು. ಆಮೇಲೆ ನಾನೇ ಕೇಳಿ ಕೇಳಿ ತಿಳಿದುಕೊಂಡೆ. ಅದನ್ನು ನಿಮಗೂ ಹೇಳಬೇಕು ಅನಿಸಿತು.

ಅಲ್ಲಿ ಬಿಳಿಯರ ಸರ್ಕಾರ ಇತ್ತು. ಕಪ್ಪು ಗಂಡಸರು ಮನೆಯಿಂದ ಹೊರಗೆ ಕಾಲಿಡಬೇಕಾದರೆ ಜೇಬಿನಲ್ಲಿ ಪಾಸ್ ಪುಸ್ತಕ ಇರಬೇಕಿತ್ತು. ಅದರಲ್ಲಿ ಫೋಟೋ, ಎಲ್ಲಿ ಕೆಲಸ, ಯಾರ ಕೈಕೆಳಗೆ, ಮಾಲೀಕರ ಸಹಿ, ಎಲ್ಲ ಇರಬೇಕು. ಪೊಲೀಸರು ಕೇಳಿದಾಗ ಪುಸ್ತಕ ಇಲ್ಲ ಅಂದರೆ ಜೈಲು. ಅಂಗಡಿಗೆ ಸಾಮಾನು ತರಲು ಹೋದವನು ರಾತ್ರಿ ಮನೆಗೆ ಬರದಿದ್ದರೆ ಹೆಂಡತಿ ಹುಡುಕಬೇಕಾಗಿದ್ದು ಪೊಲೀಸ್ ಠಾಣೆಯಲ್ಲಿ. 1952ರ ಕಾನೂನು ಬಂದ ಮೇಲೆ ಈ ಪಾಸ್ ಅನ್ನು ಕಪ್ಪು ಹೆಂಗಸರಿಗೂ ಹಾಕಲು ಸರ್ಕಾರ ಹೊರಟಿತು. ತಾಯಿಯನ್ನು ದಾರಿಯಲ್ಲಿ ಹಿಡಿದುಕೊಂಡು ಹೋದರೆ ಮನೆಯಲ್ಲಿ ಮಗುವಿಗೆ ಹಾಲು ಕೊಡುವವರು ಯಾರು? ಹೆಂಗಸರು ಕೇಳಿದ್ದು ಇದನ್ನೇ.

1956ರ ಆಗಸ್ಟ್ 9ರಂದು ಸುಮಾರು 20,000 ಹೆಂಗಸರು ಪ್ರಿಟೋರಿಯಾ ಊರಿನ ಯೂನಿಯನ್ ಬಿಲ್ಡಿಂಗ್ಸ್‌ಗೆ ಹೋದರು. ನಮಗೆ ವಿಧಾನಸೌಧ ಹೇಗೋ ಅವರಿಗೆ ಅದು ಹಾಗೆ. ಮೆರವಣಿಗೆ ಮಾಡಬಾರದು ಅಂತ ಆಜ್ಞೆ ಇತ್ತು. ಅದಕ್ಕೆ ಅವರು ಇಬ್ಬರು ಇಬ್ಬರು, ಮೂವರು ಮೂವರು ಆಗಿ ನಡೆದರು. ಸಂತೆಗೆ ಹೋದ ಹಾಗೆ. ಬೆನ್ನಿಗೆ ಮಗು ಕಟ್ಟಿಕೊಂಡವರಿದ್ದರು. ಸೀರೆ ಉಟ್ಟ ಭಾರತೀಯ ಹೆಂಗಸರಿದ್ದರು. ಮನೆಗೆಲಸದ ಕೆಲವರು ತಾವು ನೋಡಿಕೊಳ್ಳುತ್ತಿದ್ದ ಬಿಳಿಯರ ಮಕ್ಕಳನ್ನೂ ಎತ್ತಿಕೊಂಡು ಬಂದಿದ್ದರು. ಇದನ್ನು ಕೇಳಿದಾಗ ನನಗೆ ನನ್ನ ಅತ್ತಿಗೆ ನೆನಪಾದಳು. ಅವಳು ಮಲ್ಲೇಶ್ವರದಲ್ಲಿ ಮಗು ನೋಡಿಕೊಳ್ಳುವ ಕೆಲಸ ಮಾಡುತ್ತಾಳೆ. ಅವಳ ಮಗಳು ಊರಲ್ಲಿ ಅಜ್ಜಿ ಹತ್ತಿರ ಬೆಳೆಯುತ್ತಿದೆ.

ಪ್ರಧಾನಿ ಸ್ಟ್ರೈಡಮ್ ಅವತ್ತು ಆಫೀಸಿನಲ್ಲಿ ಇರಲಿಲ್ಲ. ಸಾವಿರಾರು ಸಹಿ ಮಾಡಿದ ಅರ್ಜಿಗಳ ಕಟ್ಟುಗಳನ್ನು ಅವರ ಆಫೀಸಿನಲ್ಲೇ ಇಟ್ಟು ಬಂದರು. ಆಮೇಲೆ ಇಪ್ಪತ್ತು ಸಾವಿರ ಹೆಂಗಸರೂ ಅರ್ಧ ಗಂಟೆ ಮಾತಾಡದೆ ನಿಂತರು. ಯೋಚನೆ ಮಾಡಿ. ನಮ್ಮ ಫ್ಯಾಕ್ಟರಿಯಲ್ಲಿ ಊಟದ ಬೆಲ್ ಆದರೆ ಐನೂರು ಜನರ ಗಲಾಟೆಗೆ ಕಿವಿ ಕೇಳಿಸುವುದಿಲ್ಲ. ಅಷ್ಟು ಹೆಂಗಸರು, ಅಷ್ಟು ಕೂಸುಗಳು, ಅರ್ಧ ಗಂಟೆ ಸದ್ದಿಲ್ಲ.

ಅವತ್ತು ಅವರು ತಮ್ಮನ್ನು 'ಇಂಬೊಕೊಡೊ' ಅಂತ ಕರೆದುಕೊಂಡರು. ಅದನ್ನು ಬಂಡೆ ಅಂತ ಹೇಳುವವರು ಜಾಸ್ತಿ. ಸರಿಯಾದ ಅರ್ಥ ಅರೆಯುವ ಕಲ್ಲು, ಹೆಂಗಸರು ದಿನಾ ಕೈಯಲ್ಲಿ ಹಿಡಿಯುವ ಕಲ್ಲು. ನಮ್ಮ ಅಜ್ಜಿಯ ಮನೆ ಹಿತ್ತಲಲ್ಲಿ ಒರಳು ಇತ್ತು. ಅದರ ಗುಂಡು ತಿರುಗಿಸಿ ತಿರುಗಿಸಿ ಅಜ್ಜಿಯ ಅಂಗೈ ಆ ಕಲ್ಲಿನಷ್ಟೇ ಗಟ್ಟಿಯಾಗಿತ್ತು. ಬೇರೆ ಯಾವ ಪದಕ್ಕೂ ಹೀಗೆ ನನ್ನ ಮೈ ಜುಮ್ ಅಂದಿಲ್ಲ.

ಮುಂದಿನ ವಿಷಯ ನಮಗೆ ಇನ್ನೂ ಹತ್ತಿರದ್ದು. ಆ ದಿನ ಮುಂದೆ ನಿಂತವರು ನಾಲ್ಕು ಜನ. ಲಿಲಿಯನ್ ಎನ್ಗೋಯಿ, ಕಪ್ಪು ಹೆಂಗಸು. ಆಕೆ ಗಾರ್ಮೆಂಟ್ಸ್‌ನಲ್ಲಿ ಮಿಷಿನ್ ಮೇಲೆ ಕೂತು ಬಟ್ಟೆ ಹೊಲಿಯುತ್ತಿದ್ದರು. ಹೌದು, ನಮ್ಮ ಹಾಗೇ! ಹತ್ತು ವರ್ಷ ಅದೇ ಕೆಲಸ, ಅಲ್ಲೇ ಯೂನಿಯನ್ ಸೇರಿದ್ದು. ಸೋಫಿಯಾ ವಿಲಿಯಮ್ಸ್, ಅಲ್ಲಿನವರು ಮಿಶ್ರ ಮೂಲದವರು ಅಂತ ಬೇರೆ ಇಟ್ಟಿದ್ದ ಜನದ ಹುಡುಗಿ. ಬಟ್ಟೆ ಮಿಲ್‌ನಲ್ಲಿ ದುಡಿದು ಕೆಲಸಗಾರರ ಪ್ರತಿನಿಧಿ ಆದವಳು. ಅವತ್ತು ವಯಸ್ಸು ಬರೀ 18. ರಹೀಮಾ ಮೂಸಾ ಭಾರತೀಯ ಮೂಲದವರು. ಡಬ್ಬಿ ಆಹಾರ ಮಾಡುವ ಫ್ಯಾಕ್ಟರಿ ಕೆಲಸಗಾರರ ಯೂನಿಯನ್‌ನಲ್ಲಿ ಬೆಳೆದವರು. ಆ ದಿನ ಅವರು ಬಸುರಿ. ನಾಲ್ಕನೆಯವರು ಹೆಲೆನ್ ಜೋಸೆಫ್, ಬಿಳಿ ಹೆಂಗಸು, ಇಂಗ್ಲೆಂಡಿನಲ್ಲಿ ಹುಟ್ಟಿದವರು. ಸೌತ್ ಆಫ್ರಿಕಾಕ್ಕೆ ಹೋಗುವ ಮುಂಚೆ ಮೂರು ವರ್ಷ ನಮ್ಮ ಹೈದರಾಬಾದಿನಲ್ಲಿ ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಟೀಚರ್ ಆಗಿದ್ದರು. ಆಮೇಲೆ ಅಲ್ಲಿ ಗಾರ್ಮೆಂಟ್ಸ್ ಕೆಲಸಗಾರರ ವೈದ್ಯಕೀಯ ನಿಧಿ ನೋಡಿಕೊಳ್ಳುತ್ತಿದ್ದರು. ನಮ್ಮ ಇಎಸ್‌ಐ ಥರ ಅಂದುಕೊಳ್ಳಿ.

ಹೆಲೆನ್ ಅವರ ವಿಷಯ ನನ್ನನ್ನು ತುಂಬ ಕಾಡಿತು. ಆಕೆಗೆ ಪಾಸ್ ಬೇಕಿರಲಿಲ್ಲ. ಬಿಳಿ ಹೆಂಗಸನ್ನು ರಸ್ತೆಯಲ್ಲಿ ಯಾರೂ ನಿಲ್ಲಿಸಿ ಕೇಳುವುದಿಲ್ಲ. ಓಟು ಇತ್ತು, ಒಳ್ಳೆ ಕೆಲಸ ಇತ್ತು. ಮನೆಯಲ್ಲಿ ಸುಮ್ನೆ ಇದ್ದಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ರಹೀಮಾ, ಸೋಫಿಯಾ ಅವರಿಗೂ ಆ ಪಾಸ್ ಪುಸ್ತಕ ಬಂದಿರಲಿಲ್ಲ. ಆದರೂ ಹೋದರು. ಇನ್ನೊಬ್ಬಳ ಕೈಗೆ ಕೊಡುವ ಪುಸ್ತಕಕ್ಕಾಗಿ ಮೂವರೂ ತಮ್ಮ ಕೆಲಸ, ನೆಮ್ಮದಿ ಎಲ್ಲ ಪಣಕ್ಕಿಟ್ಟರು. ನಾನು ನನ್ನ ಲೈನ್‌ನಲ್ಲಿ ಕುರ್ಚಿ ಬಿಟ್ಟು ಏಳಲಿಲ್ಲ.

ಇದು ಒಂದೇ ದಿನದಲ್ಲಿ ಆಗಿದ್ದೂ ಅಲ್ಲ. 1913ರಲ್ಲಿ ಅದೇ ದೇಶದ ಬ್ಲೂಮ್‌ಫಾಂಟೇನ್ ಊರಿನಲ್ಲಿ ಕಪ್ಪು ಹೆಂಗಸರು ಪಾಸ್ ಬೇಡ ಅಂತ ಬೀದಿಗೆ ಇಳಿದಿದ್ದರು, ಜೈಲಿಗೂ ಹೋಗಿದ್ದರು. ಅದೇ ವರ್ಷ ಅಲ್ಲಿನ ಒಂದು ಕೋರ್ಟು ಕ್ರಿಶ್ಚಿಯನ್ ಪದ್ಧತಿಯ ಮದುವೆ ಮಾತ್ರ ಮದುವೆ ಅಂತ ತೀರ್ಪು ಕೊಟ್ಟಿತು. ತಾಳಿ ಕಟ್ಟಿಸಿಕೊಂಡವರು, ನಿಕಾ ಆದವರು ಯಾರೂ ಹೆಂಡತಿಯರಲ್ಲ ಅನ್ನುವ ಹಾಗಾಯಿತು. ಕಸ್ತೂರಬಾ ಮತ್ತು ಎಷ್ಟೋ ತಮಿಳು ಹೆಂಗಸರು ಜೈಲಿಗೆ ಹೋದರು. ವಳ್ಳಿಯಮ್ಮ ಅನ್ನುವ 16 ವರ್ಷದ ಹುಡುಗಿ ಜೈಲಿಂದ ಜ್ವರ ಹೊತ್ತು ಬಂದು 1914ರ ಫೆಬ್ರವರಿಯಲ್ಲಿ ತೀರಿಕೊಂಡಳು. ಒಂದೇ ದೇಶ, ಒಂದೇ ವರ್ಷ, ಎರಡು ಕಡೆ ಹೆಂಗಸರ ಹೋರಾಟ. ಆದರೆ ಇವರ ದಾರಿ ಇವರಿಗೆ, ಅವರ ದಾರಿ ಅವರಿಗೆ. ಎರಡೂ ಕಡೆಯವರು ಒಂದೇ ಮೆಟ್ಟಿಲ ಮೇಲೆ ನಿಲ್ಲಲು 43 ವರ್ಷ ಬೇಕಾಯಿತು.

ಅದಕ್ಕೆ ಒಂದು ಮನೆ ಕಟ್ಟಬೇಕಾಯಿತು. 1954ರ ಏಪ್ರಿಲ್ 17ರಂದು ಜೊಹಾನ್ಸ್‌ಬರ್ಗ್‌ನಲ್ಲಿ ಎಲ್ಲ ಬಣ್ಣದ ಹೆಂಗಸರು ಸೇರಿ ಒಂದು ಒಕ್ಕೂಟ ಮಾಡಿಕೊಂಡರು. ಓಟು, ಸರಿಸಮ ಸಂಬಳ, ಮದುವೆ, ಮಕ್ಕಳು, ಆಸ್ತಿ, ಎಲ್ಲದರ ಬಗ್ಗೆ ಒಂದು ಸನ್ನದು ಬರೆದುಕೊಂಡರು. 1955ರ ಅಕ್ಟೋಬರ್‌ನಲ್ಲಿ ಮೊದಲ ಸಲ ಪ್ರಿಟೋರಿಯಾಕ್ಕೆ ಹೋದಾಗ ಸುಮಾರು 2,000 ಜನ. ಆಮೇಲೆ ಲಿಲಿಯನ್, ಹೆಲೆನ್ ಊರೂರು ಸುತ್ತಿದರು. ಹತ್ತು ತಿಂಗಳಲ್ಲಿ ಜನ ಹತ್ತು ಪಟ್ಟು ಆದರು. ಮನೆ ಮನೆಗೆ ಹೋಗಿ ಕೂತು ಮಾತಾಡಿದರೆ ಆಗುವ ಕೆಲಸ ಇದು.

ಪಾಸ್ ಹೋಯಿತಾ ಅಂತ ಕೇಳುತ್ತೀರಿ. ತಕ್ಷಣ ಹೋಗಲಿಲ್ಲ. ಅದನ್ನೂ ಹೇಳಿಬಿಡಬೇಕು. 1956ರ ಡಿಸೆಂಬರ್‌ನಲ್ಲೇ 156 ಜನರ ಮೇಲೆ ರಾಜದ್ರೋಹದ ಕೇಸು ಹಾಕಿದರು. ಅದರಲ್ಲಿ ಲಿಲಿಯನ್, ಹೆಲೆನ್ ಇಬ್ಬರೂ ಇದ್ದರು. ಕೇಸು 1961ರವರೆಗೆ ನಡೆದು ಖುಲಾಸೆ ಆಯಿತು. ಸರ್ಕಾರ ಕಪ್ಪು ಹೆಂಗಸರ ಕೈಗೆ ಪಾಸ್ ಕೊಟ್ಟೇ ಕೊಟ್ಟಿತು. 1962ರಲ್ಲಿ ಹೆಲೆನ್ ಅವರನ್ನು ಅವರ ಮನೆಯಲ್ಲೇ ಬಂಧಿಸಿ ಇಟ್ಟರು. ಲಿಲಿಯನ್ ಸಭೆಗೆ ಹೋಗಬಾರದು, ಊರು ಬಿಡಬಾರದು ಅಂತ ವರ್ಷಗಟ್ಟಲೆ ನಿಷೇಧ ಹಾಕಿದರು. ಆಕೆ ಜೊಹಾನ್ಸ್‌ಬರ್ಗ್ ಪಕ್ಕದ ಕಪ್ಪು ಜನರ ಬಡಾವಣೆ ಸೊವೆಟೊದ ಪುಟ್ಟ ಮನೆಯಲ್ಲಿ ಬಟ್ಟೆ ಹೊಲಿದುಕೊಂಡು ಹೊಟ್ಟೆ ಹೊರೆದರು. 1980ರಲ್ಲಿ ತೀರಿಕೊಂಡರು. ಪಾಸ್ ಕಾನೂನು ರದ್ದಾಗಿದ್ದು 1986ರಲ್ಲಿ. ಆಕೆ ನೋಡಲಿಲ್ಲ. ಹೆಲೆನ್ 1992ರವರೆಗೆ ಬದುಕಿದ್ದರು. ಸತ್ತ ಮೇಲೆ ಅವರನ್ನೂ ಸೊವೆಟೊದ ಆವಲಾನ್ ಸ್ಮಶಾನದಲ್ಲೇ ಮಣ್ಣು ಮಾಡಿದರು, ಲಿಲಿಯನ್ ಇರುವ ಸ್ಮಶಾನ. ಬಿಳಿಯರು, ಕಪ್ಪು ಜನ ಒಂದೇ ಬೆಂಚಿನ ಮೇಲೆ ಕೂರಬಾರದು ಅಂದಿದ್ದ ದೇಶ ಅದು. ಈಗ ಅಲ್ಲಿ ಆಗಸ್ಟ್ 9 ಸರ್ಕಾರಿ ರಜೆ, ಹೆಂಗಸರ ದಿನ.

ಇದು ದೂರದ ದೇಶದ ಮಾತಾಯಿತು. ನಮ್ಮ ಬೆಂಗಳೂರಿಗೆ ಬರೋಣ.

2016 ನೆನಪಿದೆಯಾ? ಪಿಎಫ್ ದುಡ್ಡಿನಲ್ಲಿ ಮಾಲೀಕರ ಪಾಲನ್ನು 58 ವರ್ಷ ಆಗುವವರೆಗೆ ತೆಗೆಯುವ ಹಾಗಿಲ್ಲ ಅಂತ ಕೇಂದ್ರ ಸರ್ಕಾರ ಹೊಸ ನಿಯಮ ತಂದಿತು. ಪಿಎಫ್ ಅಂದರೆ ನಮಗೆ ಮಕ್ಕಳ ಫೀಸು, ಬಡ್ಡಿಗೆ ತಂದ ಸಾಲ, ಮಗಳ ಮದುವೆ. 58 ವರ್ಷದವರೆಗೆ ಮಿಷಿನ್ ಮೇಲೆ ಕೂತವರನ್ನು ನೀವು ಎಲ್ಲಾದರೂ ನೋಡಿದ್ದೀರಾ? ಏಪ್ರಿಲ್ 18ರಂದು ಬೊಮ್ಮನಹಳ್ಳಿ ಕಡೆಯ ಹೆಂಗಸರು ಹೊಸೂರು ರಸ್ತೆಗೆ ಬಂದು ಕೂತರು. ಮಾರನೇ ದಿನ ನಾವು ತುಮಕೂರು ರಸ್ತೆಗೆ ಬಂದೆವು. ಯಾವ ಲೀಡರ್ ಕರೆದಿರಲಿಲ್ಲ. ಒಂದು ಫ್ಯಾಕ್ಟರಿಯವರು ಹೊರಗೆ ಬಂದು ಪಕ್ಕದ ಗೇಟ್ ಮುಂದೆ ನಿಂತು ಕೂಗುವುದು, ಅವರು ಬರುವುದು, ಹೀಗೇ. ಲಾಠಿ ಏಟು ಬಿತ್ತು. ಅಶ್ರುವಾಯು ಬಿಟ್ಟರು. ಕಣ್ಣು ಉರಿಗೆ ಸೆರಗು ನೆನೆಸಿ ಒಬ್ಬರಿಗೊಬ್ಬರು ಒರೆಸಿದೆವು. ಅವತ್ತು ಸಂಜೆಯೊಳಗೆ ನಿಯಮ ವಾಪಸ್ ಆಯಿತು. ದೇಶದಲ್ಲಿ ಪಿಎಫ್ ಕಟ್ಟುವ ಎಲ್ಲರ ದುಡ್ಡನ್ನೂ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಎರಡು ದಿನದಲ್ಲಿ ಉಳಿಸಿದೆವು. ಒಡಿಶಾದವರದ್ದು, ಅಸ್ಸಾಮಿನವರದ್ದೂ ಅದರಲ್ಲಿ ಸೇರಿತ್ತು. ಈ ಹೆಮ್ಮೆ ನನಗೆ ಸಾಯುವವರೆಗೆ ಇರುತ್ತದೆ.

ಅದೇ ವರ್ಷ, ಇದಕ್ಕೆ ಎರಡೂವರೆ ತಿಂಗಳ ಮುಂಚೆ, ಇನ್ನೊಂದು ನಡೆಯಿತು. ಅದನ್ನು ಯಾರೂ ಹೇಳಿಕೊಳ್ಳುವುದಿಲ್ಲ. ಜನವರಿ 31ರ ರಾತ್ರಿ ಹೆಸರಘಟ್ಟ ರಸ್ತೆ ಕಡೆ ಒಂದು ಕಾರು ಹರಿದು ಒಬ್ಬ ಹೆಂಗಸು ಸತ್ತಳು. ಕಾರು ಓಡಿಸುತ್ತಿದ್ದವನು ಸುಡಾನ್ ದೇಶದವನು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಕಾರಿನಲ್ಲಿ ಅದೇ ದಾರಿಗೆ ಬಂದ ಟಾಂಜಾನಿಯಾದ ವಿದ್ಯಾರ್ಥಿನಿಯನ್ನು ಗುಂಪು ಹಿಡಿದು ಹೊಡೆಯಿತು. ಅವಳ ಬಟ್ಟೆ ಹರಿದರು. ಕಾರಿಗೆ ಬೆಂಕಿ ಇಟ್ಟರು. ತಪ್ಪಿಸಿಕೊಳ್ಳಲು ಬಸ್ ಹತ್ತಿದರೆ ಅಲ್ಲಿಂದಲೂ ಕೆಳಗೆ ತಳ್ಳಿದರು ಅಂತ ಪೇಪರ್‌ನಲ್ಲಿ ಬಂತು. ಆ ಆಕ್ಸಿಡೆಂಟಿಗೂ ಅವಳಿಗೂ ಏನೂ ಸಂಬಂಧ ಇರಲಿಲ್ಲ. ಅವಳ ಬಣ್ಣ ಒಂದೇ ಕಾರಣ.

ಆ ಜಾಗ ನಮ್ಮ ಮನೆಯಿಂದ ದೂರ ಇಲ್ಲ. ಸತ್ತವಳೂ ಹೆಂಗಸು, ಹೊಡೆತ ತಿಂದವಳೂ ಹೆಂಗಸು. ನಾವು ಇಬ್ಬರಿಗಾಗಿಯೂ ರಸ್ತೆಗೆ ಬರಲಿಲ್ಲ. ಊಟದ ಹೊತ್ತಿನಲ್ಲಿ ಅದರ ಮಾತು ಬಂತು. "ಅವರೂ ಸರಿ ಇಲ್ಲ ಬಿಡು, ರಾತ್ರಿ ಎಲ್ಲ ತಿರುಗುತ್ತಾರೆ" ಅಂತ ಯಾರೋ ಅಂದರು. ನಾನು ಹೂಂಗುಟ್ಟಿದೆ. ನಮ್ಮ ಸೆಕೆಂಡ್ ಶಿಫ್ಟ್ ಬಿಟ್ಟಾಗ ನಾವೂ ರಾತ್ರಿ ತಿರುಗುವವರೇ ಅಲ್ವಾ? ಆ ಬಸ್ಸಿನಲ್ಲಿ ನನ್ನಂಥ ಹೆಂಗಸರು ಎಷ್ಟು ಜನ ಇದ್ದರೋ. ಒಬ್ಬಳು ಎದ್ದು ತನ್ನ ದುಪಟ್ಟಾ ಕೊಟ್ಟು ಪಕ್ಕದಲ್ಲಿ ಕೂರಿಸಿಕೊಂಡಿದ್ದರೆ? ಹತ್ತು ವರ್ಷ ಆದರೂ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

2012ರ ಆಗಸ್ಟ್‌ನಲ್ಲೂ ಹೀಗೇ. ಈಶಾನ್ಯದ ಕಡೆಯವರಿಗೆ ಹೊಡೆಯುತ್ತಾರಂತೆ ಅನ್ನುವ ವದಂತಿ ಹಬ್ಬಿ ಸಾವಿರಾರು ಜನ ರಾತ್ರೋರಾತ್ರಿ ಗುವಾಹಟಿ ರೈಲು ಹತ್ತಿದರು. ನಮ್ಮ ಚೆಕ್ಕಿಂಗ್ ಟೇಬಲ್‌ನಲ್ಲಿದ್ದ ಅಸ್ಸಾಮಿನ ಹುಡುಗಿ ಸಂಬಳ ಕೂಡ ತೆಗೆದುಕೊಳ್ಳದೆ ಹೋದಳು. ಅವಳ ಕಣ್ಣು ಸಣ್ಣ ಅಂತ ನಾವು ಇಟ್ಟಿದ್ದ ಅಡ್ಡಹೆಸರು ನೆನಪಿದೆ, ಅವಳ ಸ್ವಂತ ಹೆಸರು ನೆನಪಿಲ್ಲ.

ನಿಮ್ಮಲ್ಲಿ ಕೆಲವರು ಹೇಳುತ್ತೀರಿ: "ಅಕ್ಕ, ಅವರಿಂದಲೇ ನಮ್ಮ ಸಂಬಳ ಏರಲ್ಲ. ಅವರು ಓಟಿ ಅಂದರೆ ಇರ್ತಾರೆ, ಭಾನುವಾರ ಅಂದರೆ ಬರ್ತಾರೆ, ಯಾವುದಕ್ಕೂ ಇಲ್ಲ ಅನ್ನಲ್ಲ." ಈ ಸಂಕಟ ನನಗೂ ಇದೆ. ಆದರೆ ಅವರು ಯಾಕೆ ಇಲ್ಲ ಅನ್ನುವುದಿಲ್ಲ? ನಮಗೆ ಬೈದರೆ ಸಂಜೆ ಮನೆಗೆ ಬಂದು ಗಂಡನ ಹತ್ತಿರ, ಪಕ್ಕದ ಮನೆಯವರ ಹತ್ತಿರ ಹೇಳಿಕೊಳ್ಳುತ್ತೇವೆ. ತೀರಾ ಆದರೆ ಕೆಲಸ ಬಿಟ್ಟು ಪಕ್ಕದ ಫ್ಯಾಕ್ಟರಿಗೆ ಹೋಗುತ್ತೇವೆ. ಅವರಿಗೆ ಕೆಲಸ ಹೋದರೆ ಅವತ್ತೇ ಹಾಸ್ಟೆಲ್ ಮಂಚವೂ ಹೋಯಿತು. ಊರಿಗೆ ಎರಡು ದಿನದ ರೈಲು. ಭಾನುವಾರ ಎರಡು ಮೂರು ಗಂಟೆ ಹೊರಗೆ ಬಿಡುತ್ತಾರೆ, ಅಷ್ಟರಲ್ಲೇ ಸೋಪು, ಪ್ಯಾಡು, ಮನೆಗೆ ದುಡ್ಡು ಕಳಿಸುವುದು ಎಲ್ಲ ಆಗಬೇಕು. ಇಲ್ಲ ಅನ್ನಲು ಅವರಿಗೆ ಕಾಲಿಡುವ ಜಾಗ ಇಲ್ಲ. ನಾವು ಪಕ್ಕ ನಿಂತರೆ ಆ ಜಾಗ ಆಗುತ್ತದೆ. ಅವರು ಇಲ್ಲ ಅಂದ ದಿನ ನಮ್ಮ ಟಾರ್ಗೆಟ್ಟೂ ಇಳಿಯುತ್ತದೆ.

ಕನ್ನಡದ ಮಾತು. ನನಗೆ ಕನ್ನಡ ಅಂದರೆ ಪ್ರಾಣ. ನಮ್ಮ ಫ್ಯಾಕ್ಟರಿಯಲ್ಲಿ ನವೆಂಬರ್ ಒಂದಕ್ಕೆ ಬಾವುಟ ಕಟ್ಟುವುದು ನಾನೇ. ಅದಕ್ಕೇ ಹೇಳುತ್ತಿದ್ದೇನೆ, ಅವರಿಗೆ ಕನ್ನಡ ಕಲಿಸಬೇಕಾದವರು ನಾವು. ಗೇಟ್‌ನಲ್ಲಿ ಬೈಗುಳದಿಂದ ಮಾತ್ರ ಅವರು ಕನ್ನಡ ಕಲಿತರೆ ನಮ್ಮ ಭಾಷೆಗೆ ಅವಮಾನ. ಆ ಹುಡುಗಿ ಕೆಲಸಕ್ಕೆ ವಾಪಸ್ ಬಂದ ಮೇಲೆ ಅವಳಿಗೆ ನಾನು ಕಲಿಸಿದ ಮೊದಲ ಸಾಲು "ನನಗೆ ಜ್ವರ ಇದೆ, ಗೇಟ್ ಪಾಸ್ ಕೊಡಿ." ಎರಡನೆಯದು "ಕೈ ಮುಟ್ಟಬೇಡಿ." ಎರಡನೆಯದನ್ನು ಅವಳೇ ಕೇಳಿ ಕಲಿತಳು. ಯಾಕೆ ಅಂತ ನಾನು ಕೇಳಬೇಕಾಗಿ ಬರಲಿಲ್ಲ. ನಿಮಗೂ ಗೊತ್ತು.

2013ರ ಕಾನೂನಿನ ಪ್ರಕಾರ 10 ಜನ ಅಥವಾ ಜಾಸ್ತಿ ಕೆಲಸ ಮಾಡುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳಲು ಸಮಿತಿ ಇರಬೇಕು. ಹೆಂಗಸೇ ಅದಕ್ಕೆ ಮುಖ್ಯಸ್ಥೆ, ಅರ್ಧದಷ್ಟಾದರೂ ಹೆಂಗಸರು. ನಮ್ಮಲ್ಲಿ ಬೋರ್ಡ್ ಹಾಕಿದ್ದಾರೆ, ಕನ್ನಡ ಮತ್ತು ಇಂಗ್ಲಿಷಿನಲ್ಲಿ. ಒಡಿಯಾ ಓದುವ ಹುಡುಗಿ ಅದನ್ನು ಹೇಗೆ ಓದಬೇಕು? ಕಾರ್ಮಿಕ ಇಲಾಖೆಯವರು ಈ ಪತ್ರ ಓದಿದರೆ ದಯವಿಟ್ಟು ಇಷ್ಟು ಮಾಡಿಸಿ: ಆ ಬೋರ್ಡ್ ಕೆಲಸಗಾರರ ಭಾಷೆಗಳಲ್ಲೂ ಇರಲಿ, ಸಮಿತಿಯಲ್ಲಿ ಹಾಸ್ಟೆಲ್‌ನವರೂ ಒಬ್ಬರು ಇರಲಿ. ಹಾಸ್ಟೆಲ್ ತಪಾಸಣೆಗೆ ಬಂದಾಗ ವಾರ್ಡನ್ ಪಕ್ಕದಲ್ಲಿ ನಿಲ್ಲಿಸಿಕೊಂಡು ಹುಡುಗಿಯರನ್ನು ಮಾತಾಡಿಸಬೇಡಿ.

ಮನೆ ಬಾಡಿಗೆ ಕೊಡುವ ಅಮ್ಮಂದಿರಿಗೂ ಒಂದು ಮಾತು. ನಮ್ಮ ಬೀದಿಯಲ್ಲಿ ಆಫ್ರಿಕಾದ ಇಬ್ಬರು ಹುಡುಗಿಯರು ಮನೆ ಕೇಳಿಕೊಂಡು ಬಂದಿದ್ದರು, ಕಾಲೇಜಿನವರು. ಬೋರ್ಡ್ ನೇತಾಡುತ್ತಿದ್ದರೂ "ಖಾಲಿ ಇಲ್ಲ" ಅಂದರು. ದೂರದ ಊರಿನಲ್ಲಿ ಮಗಳನ್ನು ಓದಲು ಬಿಟ್ಟ ತಾಯಿಯ ಹೊಟ್ಟೆ ಎಲ್ಲ ದೇಶದಲ್ಲೂ ಒಂದೇ ಥರ ಉರಿಯುತ್ತದೆ.

ಈಗ ಡಿಸೆಂಬರ್‌ನಲ್ಲಿ ನಡೆದಿದ್ದು ಹೇಳುತ್ತೇನೆ. ಅದೇ ಲೈನ್, ಅದೇ ಸೂಪರ್‌ವೈಸರ್. ಈ ಸಲ ಜಾರ್ಖಂಡ್ ಹುಡುಗಿಗೆ ಹೊಟ್ಟೆ ನೋವು, ಮುಟ್ಟಿನ ನೋವು. ಗೇಟ್ ಪಾಸ್ ಇಲ್ಲ ಅಂದರು. ನಾನು ಮಿಷಿನ್ ಆಫ್ ಮಾಡಿ ಎದ್ದೆ. ನನ್ನ ಪಕ್ಕದ ಮಾಗಡಿಯವಳು ಎದ್ದಳು. ಹಿಂದಿನ ಒಡಿಶಾದವಳು ಎದ್ದಳು. ಕಫ್ ಮಾಡುವ ಸಾಬರ ಅಕ್ಕ ಎದ್ದರು. ಐದು ಮಿಷಿನ್ ಸದ್ದು ನಿಂತರೆ ಇಡೀ ಲೈನ್ ತಿರುಗಿ ನೋಡುತ್ತದೆ. ಯಾರೂ ಕೂಗಲಿಲ್ಲ. ಆ ಮಗುವನ್ನು ಮಧ್ಯದಲ್ಲಿ ಇಟ್ಟುಕೊಂಡು ಎಚ್‌ಆರ್ ರೂಮಿಗೆ ನಡೆದೆವು. ಒಡಿಶಾದವಳು ಮುಂದೆ ನಿಂತು ಕನ್ನಡದಲ್ಲಿ ಹೇಳಿದಳು, "ಇವಳಿಗೆ ಹೊಟ್ಟೆ ನೋವು ಇದೆ, ಗೇಟ್ ಪಾಸ್ ಕೊಡಿ." ಜ್ವರ ತೆಗೆದು ಹೊಟ್ಟೆ ನೋವು ಹಾಕಲು ತಾನೇ ಕಲಿತುಕೊಂಡಿದ್ದಳು. ಹತ್ತು ನಿಮಿಷದಲ್ಲಿ ಪಾಸ್ ಬಂತು.

ಈ 2026ರ ಆಗಸ್ಟ್ 9ಕ್ಕೆ ಪ್ರಿಟೋರಿಯಾದ ಆ ದಿನಕ್ಕೆ 70 ವರ್ಷ. ಅವತ್ತು ಭಾನುವಾರ, ನಮಗೂ ರಜೆ. ನಾವು ಏಳೆಂಟು ಜನ ಸೇರಿ ಹಾಸ್ಟೆಲ್ ಹುಡುಗಿಯರನ್ನು ನಮ್ಮ ವಠಾರಕ್ಕೆ ಊಟಕ್ಕೆ ಕರೆದಿದ್ದೇವೆ. ಅವರು ಪಖಾಳ ಮಾಡುತ್ತಾರಂತೆ. ಕೇಳಿ ನೋಡಿದರೆ ನಮ್ಮ ತಂಗಳನ್ನವೇ, ನೀರು ಹಾಕಿ ಹುಳಿ ಬರಿಸಿದ್ದು. ನಾವು ಮುದ್ದೆ, ಸೊಪ್ಪಿನ ಸಾರು. ನಿಮ್ಮ ನಿಮ್ಮ ಏರಿಯಾದಲ್ಲೂ ಹೀಗೆ ಕರೆಯಿರಿ. ಪಕ್ಕದ ಬೀದಿಯ ಆಫ್ರಿಕಾದ ಹುಡುಗಿಯರನ್ನು, ಬ್ಯೂಟಿ ಪಾರ್ಲರ್‌ನ ಮಣಿಪುರದ ಹುಡುಗಿಯರನ್ನೂ ಕರೆಯಿರಿ. ಊಟ ಆದ ಮೇಲೆ ಯಾರ ಫ್ಯಾಕ್ಟರಿಯಲ್ಲಿ ಗಂಟೆಗೆ ಎಷ್ಟು ಪೀಸು, ಎಷ್ಟು ಸಂಬಳ ಅಂತ ಒಂದು ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ. ಮುಂದಿನ ಮಾತು ಅಲ್ಲಿಂದ ಶುರು ಮಾಡೋಣ.

ಅವರನ್ನು ಕರೆದುಕೊಂಡು ಬರಲು ನೀವೇ ಹಾಸ್ಟೆಲ್ ಗೇಟ್‌ಗೆ ಹೋಗಿ. ಬೇಗ ಹೋಗಿ, ಅವರಿಗೆ ಇರುವುದು ಎರಡು ಮೂರು ಗಂಟೆ. ಪುಸ್ತಕದಲ್ಲಿ ಹೆಸರು, ಊರು, ನಂಬರ್ ಬರೆಸುತ್ತಾರೆ. ಸಂಬಂಧ ಅನ್ನುವ ಕಾಲಂ ಬಂದಾಗ ನನ್ನ ಹಾಗೆ ಪೆನ್ನು ಹಿಡಿದು ನಿಲ್ಲಬೇಡಿ. ಅಕ್ಕ ಅಂತ ಬರೆಯಿರಿ.

ನಿಮ್ಮ ಜೊತೆಯ ಒಬ್ಬ ಟೈಲರ್,
ಪೀಣ್ಯ, ಬೆಂಗಳೂರು